ಬೆಂಗಳೂರಿಗೆ ಯಾವಾಗ ಹೋದರೆ ಒಳ್ಳೇದು?

ಸುದ್ದಿಗೆ ಅಂತ ಜಿಲ್ಲೆ ತಿರುಗುವವರು ನಾವು. ಹಾಸನ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ, ಎಲ್ಲಿ ಟೀ ಕುಡಿಯಲು ನಿಂತರೂ ಒಬ್ಬರಾದರೂ ಕೇಳುತ್ತಾರೆ: "ಮಕ್ಳಿಗೆ ಒಂದ್ಸಲ ಬೆಂಗ್ಳೂರು ತೋರಿಸ್ಬೇಕು ಸಾರ್, ಯಾವಾಗ ಹೋದ್ರೆ ಒಳ್ಳೇದು?"

ಮೊಬೈಲಿನಲ್ಲಿ ಹುಡುಕಿದರೆ ಅಕ್ಟೋಬರ್‌ನಿಂದ ಫೆಬ್ರವರಿ ಅನ್ನುತ್ತದೆ. ಅದು ಹವಾಮಾನದ ಲೆಕ್ಕ. ನಮಗೆ ಹೊಲದ ಲೆಕ್ಕವೂ ಇದೆಯಲ್ಲ. ಮುಂಗಾರು ಬಿದ್ದರೆ ಆಲೂಗಡ್ಡೆ ಬಿತ್ತನೆ. ನಾಲೆಗೆ ಹೇಮಾವತಿ ನೀರು ಬಿಟ್ಟರೆ ಭತ್ತದ ನಾಟಿ. ಅರಕಲಗೂಡಿನ ಹೊಗೆಸೊಪ್ಪಿನವರು ಬ್ಯಾರನ್‌ಗೆ ಬೆಂಕಿ ಹಾಕಿದರೆ ರಾತ್ರಿಯೂ ಕದಲುವಂತಿಲ್ಲ. ಬಸವನಗುಡಿಯ ಕಡಲೆಕಾಯಿ ಪರಿಷೆ ನೋಡುವಂಥದ್ದೇ, ಆದರೆ ಅದು ಕಾರ್ತಿಕ ಮಾಸದ ಕಡೇ ಸೋಮವಾರ. ಆಗ ನಮ್ಮಲ್ಲಿ ರಾಗಿ ಕೊಯ್ಲು.

ಬೇಸಿಗೆ ರಜೆಯಲ್ಲಿ ಹೋಗೋಣ ಅಂದರೆ ಬೆಂಗಳೂರು ಈಗ ಅಷ್ಟು ತಂಪಿಲ್ಲ. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ದಾಖಲಾಗಿತ್ತು. ಸೆಪ್ಟೆಂಬರ್‌ನಲ್ಲಿ ಅಲ್ಲಿ ಜೋರು ಮಳೆ. 2022ರಲ್ಲಿ ಬೆಳ್ಳಂದೂರು ಕಡೆಯ ಕಂಪನಿ ನೌಕರರು ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋಗಿದ್ದನ್ನು ನೀವೂ ಟಿವಿಯಲ್ಲಿ ನೋಡಿರುತ್ತೀರಿ. ದೀಪಾವಳಿ ಹೊತ್ತಿಗೆ ಹಾಸನಾಂಬೆ ದರ್ಶನದ ಜನ. ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ಉಳಿಯುವುದು ಸಂಕ್ರಾಂತಿಯಿಂದ ಶಿವರಾತ್ರಿವರೆಗಿನ ದಿನಗಳು. ರಾಗಿ ಮನೆ ಸೇರಿರುತ್ತದೆ, ಮಳೆ ಇಲ್ಲ, ಬಿಸಿಲು ಏರಿಲ್ಲ. ಜನವರಿ 26ರ ಆಸುಪಾಸಿನಲ್ಲಿ ಲಾಲ್‌ಬಾಗಿನಲ್ಲಿ ಫಲಪುಷ್ಪ ಪ್ರದರ್ಶನ. ರಜಾ ದಿನ ಬಿಟ್ಟು ವಾರದ ಮಧ್ಯೆ ಹೋಗಿ. ಮೆಜೆಸ್ಟಿಕ್‌ವರೆಗೆ ಬಸ್ಸಿನಲ್ಲಿ ತೆವಳಬೇಕಿಲ್ಲ. 2024ರ ನವೆಂಬರ್‌ನಿಂದ ಮೆಟ್ರೋ ತುಮಕೂರು ರಸ್ತೆಯ ಮಾದಾವರದವರೆಗೆ ಬಂದಿದೆ. ನೆಲಮಂಗಲ ದಾಟಿದ ಮೇಲೆ ಅಲ್ಲಿ ಇಳಿದರೆ ಅದೇ ಹಸಿರು ಮಾರ್ಗ ಲಾಲ್‌ಬಾಗಿಗೆ ಮುಟ್ಟಿಸುತ್ತದೆ. ಬಸ್ಸು ಅಲ್ಲಿ ನಿಲ್ಲುತ್ತಾ ಅಂತ ಹತ್ತುವಾಗಲೇ ಕಂಡಕ್ಟರನ್ನು ಕೇಳಿಕೊಳ್ಳಿ.

ಈ ಲೆಕ್ಕವೆಲ್ಲ ಊರು ನೋಡಲು ಹೋಗುವವರಿಗೆ. ನಮ್ಮ ಕಡೆಯಿಂದ ಬೆಂಗಳೂರು ಬಸ್ಸು ಹತ್ತುವ ಎಷ್ಟೋ ಜನರ ಕೈಯಲ್ಲಿ ಎಕ್ಸ್‌ರೇ ಕವರ್ ಇರುತ್ತದೆ. ನಮ್ಮ ದೊಡ್ಡಪ್ಪನಿಗೆ ನಾಲ್ಕು ಹೆಜ್ಜೆ ಏರು ಹತ್ತಿದರೆ ಏದುಸಿರು. ಬೆಂಗಳೂರಿಗೆ ಕರಕೊಂಡು ಹೋಗಿ ಅಂತ ಹಾಸನದ ಡಾಕ್ಟರು ಚೀಟಿ ಬರೆದುಕೊಟ್ಟಿದ್ದರು. "ಒಕ್ಕಣೆ ಮುಗೀಲಿ, ಹಬ್ಬ ಕಳೀಲಿ" ಅಂತ ಅವರು ಚೀಟಿಯನ್ನು ದೇವರ ಫೋಟೋ ಹಿಂದೆ ಸಿಕ್ಕಿಸಿಬಿಟ್ಟರು. ದೊಡ್ಡಮ್ಮನೇ ಗದರಿದ್ದು: "ರಾಗಿ ಮೆದೆ ಎಲ್ಲಿಗೂ ಓಡೋಗಕಿಲ್ಲ, ಮೊದ್ಲು ಹೊರಡಿ." ಡಿಸೆಂಬರ್ ಚಳಿಯಲ್ಲಿ, ಬೆಳಗಿನ ಮೊದಲ ಬಸ್ಸಿಗೆ ನಾವೇ ಜೊತೆಗೆ ಹೋದೆವು. ಸ್ಟೆಂಟ್ ಹಾಕಿದರು. ಇನ್ನೊಂದು ತಿಂಗಳು ಬಿಟ್ಟು ಬಂದಿದ್ದರೆ ಕಷ್ಟವಿತ್ತು ಅಂದರು ಡಾಕ್ಟರು. ಆ ವರ್ಷ ಒಕ್ಕಣೆಯನ್ನು ಅಕ್ಕಪಕ್ಕದವರೇ ಸೇರಿ ಮುಗಿಸಿಕೊಟ್ಟರು.

ಜಯದೇವ, ಕಿದ್ವಾಯಿ, ನಿಮ್ಹಾನ್ಸ್‌ಗೆ ಹೋಗಲು ಒಳ್ಳೆ ಕಾಲ ಅಂತ ಕಾಯಬೇಡಿ. ಹಳೆಯ ರಿಪೋರ್ಟು, ಚೀಟಿ, ಆಧಾರ್, ರೇಷನ್ ಕಾರ್ಡು ಒಂದೇ ಚೀಲದಲ್ಲಿಡಿ. ಜಯದೇವಕ್ಕೆ ಹೋಗುವವರು ಹಸಿರು ಮಾರ್ಗದಲ್ಲಿ ಆರ್.ವಿ. ರಸ್ತೆವರೆಗೆ ಹೋಗಿ, 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗಕ್ಕೆ ಬದಲಿಸಿ. ಆಸ್ಪತ್ರೆ ಹೆಸರಿನದೇ ನಿಲ್ದಾಣವಿದೆ. ಹೊಳೆನರಸೀಪುರ, ಅರಕಲಗೂಡಿನವರಿಗೆ ಮೈಸೂರಿನ ಜಯದೇವ ಇನ್ನೂ ಹತ್ತಿರ. ಎದೆ ಹಿಡಿದುಕೊಂಡರೆ ಮಾತ್ರ ಯಾವ ದೂರದ ಊರನ್ನೂ ನೆನೆಯದೆ 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆ ಸೇರಿ.

ಬೆಂಗಳೂರು ನೋಡಲು ಹೋಗುವುದಾದರೆ ಸಂಕ್ರಾಂತಿ ಕಳೆಯಲಿ. ಡಾಕ್ಟರಿಗೆ ತೋರಿಸಲು ಹೋಗುವುದಾದರೆ ನಾಳೆಯೇ ಹೊರಡಿ.