ನೀರುನಾಯಿಯೂ ಹರಿದ ಬಲೆಯೂ

ನಮ್ಮ ಗುಂಡ್ಲುಪೇಟೆ ಕಡೆ ಕಾಡು ಅಂದ್ರೆ ಹುಲಿ, ಆನೆ ಅಷ್ಟೇ. ಆದರೆ ಚಾಮರಾಜನಗರ ಜಿಲ್ಲೆಯ ಅಂಚಲ್ಲೇ ಹರಿಯೋ ಕಾವೇರಿಯಲ್ಲಿ ನೀರುನಾಯಿಗಳಿವೆ. ಕಳೆದ ಚಳಿಗಾಲ ಶಿವನಸಮುದ್ರದ ಹತ್ತಿರ ಬಂಡೆ ಮೇಲೆ ನಾಲ್ಕು ಕಂಡವು. ಮೀನು ತಿಂದು, ಮೈ ಒದರಿ, ಪುಳಕ್ಕನೆ ಮುಳುಗಿದವು.

ನಾನು ಫೋಟೊ ತೆಗೀತಿದ್ದಾಗ ತೆಪ್ಪದ ಅಣ್ಣ ಹರಿದ ಬಲೆ ತೋರಿಸಿದರು: "ನಿಮ್ಗೆ ಫೋಟೊ ಸಾ, ನಮ್ಗೆ ಇದು."

"ಹಂಗಾದ್ರೆ ಇವು ಇರಬಾರದಾ ಅಣ್ಣ?"

"ಇರ್ಲಿ ಬುಡಿ. ಇವು ಹೋದ್ವು ಅಂದ್ರೆ ಹೊಳೇಲಿ ಮೀನಿಲ್ಲ ಅಂತಾನೇ ಲೆಕ್ಕ."

ತುಂಗಭದ್ರೆಯಲ್ಲಿ 2015ರಲ್ಲಿ ಮುದ್ಲಾಪುರದಿಂದ ಕಂಪ್ಲಿವರೆಗೆ ಸುಮಾರು 34 ಕಿ.ಮೀ. ಹೊಳೆಯನ್ನು ನೀರುನಾಯಿಗಳಿಗಾಗಿ ಸಂರಕ್ಷಿತ ಪ್ರದೇಶ ಅಂತ ಘೋಷಿಸಿದರು. ಒಳ್ಳೇದೇ. ಆದರೆ ಹೊಳೆ ನೋಡೋಕೆ ಹೋಗೋ ನಾವು ಬಲೆಯ ಬೆಲೆಯನ್ನೂ ಕೇಳಬೇಕು. ನೀರುನಾಯಿ ಉಳಿಯೋದು ದಡದವರ ಇಂಥ ತಾಳ್ಮೆಯಿಂದಲೂ ಹೌದು.