ಎರಡು ಕಟ್ಟಡ, ಒಂದು ತಂತಿ, ಒಂದು ಸಿಡಿಲು



ಗುಡುಗು ಶುರುವಾದ ಕೂಡಲೇ ನಿಮ್ಮ ಮನೆಯಲ್ಲಿ ಟಿ.ವಿ.ಯ ಪ್ಲಗ್ ತೆಗೆಯುತ್ತಾರೆ ಅಲ್ಲವೇ? ಅದಕ್ಕೆ ಹೊರಗಿನಿಂದ ಬರುವ ಕೇಬಲ್ಲನ್ನೂ ಕಳಚುತ್ತಾರೆಯೇ? ಈ ಎರಡನೆಯ ಕೆಲಸವನ್ನು ಒಮ್ಮೆ ನಾನು ಮರೆತಿದ್ದೆ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಓದಿದವಳು ಮಾಡಿದ ತಪ್ಪಿನ ಕಥೆ ಇದು.

2009ರ ಅಕ್ಟೋಬರ್ ತಿಂಗಳು. ಕಾರ್ಕಳದ ಒಂದು ಕಚೇರಿಯಲ್ಲಿ ಮಕ್ಕಳ ವಿಜ್ಞಾನ ವಸ್ತುಪ್ರದರ್ಶನದ ಪಟ್ಟಿ ತಯಾರಿಸುವ ಕೆಲಸ ನನ್ನದಾಗಿತ್ತು. ಅಲ್ಲಿ ಅಕ್ಕಪಕ್ಕ ಎರಡು ಕಟ್ಟಡಗಳು, ನಡುವೆ ಅಂಗಳ, ಅಂಗಳದಲ್ಲೊಂದು ಹಲಸಿನ ಮರ. ಒಂದು ಕಟ್ಟಡದಲ್ಲಿ ಟೈಪ್ ಮಾಡಿದ್ದನ್ನು ಮುದ್ರಿಸಬೇಕಾದರೆ ಮಳೆಯಲ್ಲಿ ಇನ್ನೊಂದಕ್ಕೆ ಓಡಬೇಕಿತ್ತು. ಎರಡೂ ಕಡೆಯ ಕಂಪ್ಯೂಟರುಗಳನ್ನು ಜೋಡಿಸೋಣ ಎಂದವಳು ನಾನೇ.

ನೆಟ್‌ವರ್ಕ್ ಕೇಬಲ್ಲಿನೊಳಗೆ ತಾಮ್ರದ ಎಂಟು ತೆಳು ತಂತಿಗಳು ಜೋಡಿಜೋಡಿಯಾಗಿ ಹೆಣೆದುಕೊಂಡಿರುತ್ತವೆ. ಇದು 100 ಮೀಟರ್ ದೂರದವರೆಗೆ ಸಂಕೇತಗಳನ್ನು ಒಯ್ಯಬಲ್ಲದು. ನಮಗೆ ಬೇಕಾದದ್ದು 60 ಮೀಟರ್ ಮಾತ್ರ. ಕೇಬಲ್ಲನ್ನು ಒಂದು ಕಿಟಕಿಯಿಂದ ಹೊರತೆಗೆದು, ಹಲಸಿನ ಮರಕ್ಕೆ ಕಟ್ಟಿ, ಆಚೆಯ ಕಿಟಕಿಯೊಳಗೆ ಎಳೆದೆವು. ಹಸಿರು ದೀಪ ಮಿನುಗಿತು. ನನಗೆ ಬಹಳ ಹೆಮ್ಮೆಯಾಯಿತು!

ಒಂದು ವಾರದ ಬಳಿಕ, ಸಂಜೆ ಜೋರು ಗುಡುಗು. "ಮೈನ್ ಸ್ವಿಚ್ ಆಫ್ ಮಾಡಿದ್ದೇನೆ ಮೇಡಂ, ನೀವು ಹೊರಡಿ" ಎಂದರು ಕಚೇರಿಯ ಸಹಾಯಕರು. ನಿಶ್ಚಿಂತೆಯಿಂದ ಮನೆಗೆ ಹೋದೆ. ಮರುದಿನ ನೋಡಿದರೆ ಎರಡೂ ಕಡೆ ಕೇಬಲ್ ಸಿಕ್ಕಿಸಿದ್ದ ಪೆಟ್ಟಿಗೆಗಳು ಕೆಟ್ಟಿದ್ದವು. ಒಂದು ಕಂಪ್ಯೂಟರ್ ಸುಟ್ಟಿತ್ತು. ಪಟ್ಟಿ ಇದ್ದದ್ದು ಅದರಲ್ಲೇ. ಇನ್ನೊಂದು ಪ್ರತಿ ತೆಗೆದಿಟ್ಟಿರಲಿಲ್ಲ.

ಶಾಲೆಗಳು ಕಳುಹಿಸಿದ್ದ ಹಾಳೆಗಳನ್ನು ನೋಡಿ ಎರಡು ರಾತ್ರಿ ಕುಳಿತು ಮತ್ತೆ ಟೈಪ್ ಮಾಡಿದೆವು. ಕಾಪು ಬಳಿಯ ಒಂದು ಶಾಲೆಯ ಹಾಳೆ ಮಾತ್ರ ಸಿಗಲಿಲ್ಲ. ಕೊನೆಯ ದಿನ ಹತ್ತಿರ ಬಂದಿತ್ತು. ಆ ಮಕ್ಕಳ ಹೆಸರು ಬಿಟ್ಟುಹೋದರೆ ಅವರು ತಿಂಗಳುಗಟ್ಟಲೆ ಮಾಡಿದ ಮಾದರಿಗಳು ಶಾಲೆಯಲ್ಲೇ ಉಳಿಯುತ್ತಿದ್ದವು. ಉಡುಪಿಯಲ್ಲಿ ಬಸ್ಸು ಬದಲಿಸಿ ಆ ಶಾಲೆಗೆ ಹೋದೆ. ಮಕ್ಕಳ ಮುಂದೆಯೇ ತಪ್ಪು ಒಪ್ಪಿಕೊಂಡು ಹೆಸರುಗಳನ್ನು ಬರೆದುಕೊಂಡೆ. ಆಗ ಏಳನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಟೀಚರ್, ಸಿಡಿಲು ಮರಕ್ಕೂ ಬಡಿಯಲಿಲ್ಲ, ಕಟ್ಟಡಕ್ಕೂ ಬಡಿಯಲಿಲ್ಲ. ಮತ್ತೆ ಕಂಪ್ಯೂಟರ್ ಹೇಗೆ ಸುಟ್ಟಿತು?"

ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ. "ತಿಳಿದುಕೊಂಡು ಬರುತ್ತೇನೆ" ಎಂದೆ.

ಮಣಿಪಾಲದಲ್ಲಿ ನೆಟ್‌ವರ್ಕ್ ಕೆಲಸ ಮಾಡುವ ಗೆಳತಿಯೊಬ್ಬಳು ವಿವರಿಸಿದಳು. ಒಂದು ಸಾಧಾರಣ ಸಿಡಿಲಿನಲ್ಲಿ ಸುಮಾರು 30,000 ಆಂಪಿಯರ್ ವಿದ್ಯುತ್ ಹರಿಯುತ್ತದೆ. ಮನೆಯ ಚಿಕ್ಕ ಪ್ಲಗ್ಗಿನ ಮಿತಿ ಬರೇ 6 ಆಂಪಿಯರ್! ಸಿಡಿಲು ನೆಲಕ್ಕೆ ಇಳಿದಾಗ ಆ ಜಾಗದ ಸುತ್ತಲಿನ ನೆಲದ ವೋಲ್ಟೇಜು ಕ್ಷಣಕಾಲ ಬಹಳ ಏರುತ್ತದೆ. ಹತ್ತಿರದಲ್ಲಿ ಹೆಚ್ಚು, ದೂರದಲ್ಲಿ ಕಡಿಮೆ. ಕಾರ್ಕಳದಂಥ ಬಂಡೆಯ ನೆಲದಲ್ಲಿ ವಿದ್ಯುತ್ತು ಸುಲಭವಾಗಿ ಹರಡಿಹೋಗದು. ಆದ್ದರಿಂದ ಎರಡು ಕಟ್ಟಡಗಳ ನೆಲದ ವೋಲ್ಟೇಜು ಬೇರೆ ಬೇರೆಯಾಗುತ್ತದೆ. ನಡುವೆ ತಾಮ್ರದ ತಂತಿ ಇದ್ದರೆ ವಿದ್ಯುತ್ತಿಗೆ ಅದೇ ಸೇತುವೆ. ಅಷ್ಟೇ ಅಲ್ಲ, ಸಿಡಿಲಿನ ಸುತ್ತ ಉಂಟಾಗುವ ಕಾಂತಕ್ಷೇತ್ರವು ಉದ್ದನೆಯ ತಂತಿಯಲ್ಲಿ ತಾನಾಗಿಯೇ ವಿದ್ಯುತ್ತನ್ನು ಪ್ರೇರಿಸುತ್ತದೆ. ಮೈನ್ ಸ್ವಿಚ್ ಆಫ್ ಮಾಡಿ ಏನು ಫಲ? ನಾವು ಮುಂಬಾಗಿಲು ಮುಚ್ಚಿ ಹಿಂಬಾಗಿಲು ತೆರೆದಿಟ್ಟಿದ್ದೆವು.

ಹಾಗಾದರೆ ಪರಿಹಾರ? ತಾಮ್ರದ ಬದಲು ಗಾಜು! ಆಪ್ಟಿಕಲ್ ಫೈಬರ್ ಎಂದರೆ ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆ. ಅದರಲ್ಲಿ ವಿದ್ಯುತ್ತಿನ ಬದಲು ಬೆಳಕು ಸಾಗುತ್ತದೆ, ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ವೇಗದಲ್ಲಿ. ಗಾಜು ವಿದ್ಯುತ್ ವಾಹಕವಲ್ಲ. ಲೋಹದ ಕವಚವಿಲ್ಲದ ಫೈಬರ್ ಕೇಬಲ್ ಹಾಕಿದರೆ ಎರಡು ಕಟ್ಟಡಗಳ ನಡುವೆ ಸಂದೇಶ ಹೋಗುತ್ತದೆ, ಸಿಡಿಲಿನ ವಿದ್ಯುತ್ತು ಹೋಗದು. ಅದೇ ತಿಂಗಳು, ಫೈಬರಿನಲ್ಲಿ ಬೆಳಕನ್ನು ಬಹುದೂರ ಕಳುಹಿಸುವ ದಾರಿಯನ್ನು 1966ರಲ್ಲಿ ತೋರಿಸಿದ್ದ ಚಾರ್ಲ್ಸ್ ಕಾವೋ ಅವರಿಗೆ ನೊಬೆಲ್ ಪಾರಿತೋಷಕ ಘೋಷಣೆಯಾಯಿತು. ಅವರಿಗಿಂತ ಮೊದಲೇ, 1954ರಲ್ಲಿ, ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರೀಂದರ್ ಸಿಂಗ್ ಕಪಾನಿ ಅವರು ಹೆರಾಲ್ಡ್ ಹಾಪ್ಕಿನ್ಸ್ ಜೊತೆಗೂಡಿ ಫೈಬರುಗಳ ಕಟ್ಟಿನ ಮೂಲಕ ಚಿತ್ರವನ್ನೇ ಸಾಗಿಸುವ ಬಗೆಯನ್ನು ಪ್ರಕಟಿಸಿದ್ದರು.

ಮತ್ತೆ ಆ ಶಾಲೆಗೆ ಹೋದೆ. "ನಿಮ್ಮೂರಿನ ದೀಪಸ್ತಂಭ 1901ರಿಂದ ಹಡಗುಗಳಿಗೆ ಬೆಳಕಿನಲ್ಲೇ ಸಂದೇಶ ಕೊಡುತ್ತಿದೆ. ನಡುವೆ ತಂತಿ ಇದೆಯೇ?" ಎಂದು ಕೇಳಿದೆ. ಹುಡುಗಿ ನಕ್ಕಳು. ಆದರೆ ಬಿಡಲಿಲ್ಲ: "ಬೆಳಕು ನೇರ ಹೋಗುತ್ತದಲ್ಲ ಟೀಚರ್, ಬಾಗಿದ ಗಾಜಿನಲ್ಲಿ ಹೇಗೆ ತಿರುಗುತ್ತದೆ?" ಅದಕ್ಕೆ ನಾವು ಮಾಡಿದ ಪ್ರಯೋಗವನ್ನು ನೀವೂ ಮಾಡಿ.

ಮಾಡಿ ನೋಡಿ: ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಯ ಬದಿಯಲ್ಲಿ ಸಣ್ಣ ತೂತು ಮಾಡಿ ನೀರು ತುಂಬಿಸಿ. ಕತ್ತಲ ಕೋಣೆಯಲ್ಲಿ, ತೂತಿನ ಎದುರು ಬದಿಯಿಂದ ತೂತಿನ ಕಡೆಗೆ ಟಾರ್ಚ್ ಹಿಡಿಯಿರಿ. ಬಾಗಿ ಬೀಳುವ ನೀರಿನ ಧಾರೆಗೆ ಅಂಗೈ ಒಡ್ಡಿ. ಅಂಗೈ ಮೇಲೆ ಬೆಳಕು ಕಾಣುತ್ತದೆ! ಬೆಳಕು ನೀರಿನೊಳಗೆ ನೇರವಾಗಿಯೇ ಸಾಗಿ, ಧಾರೆಯ ಅಂಚಿಗೆ ಓರೆಯಾಗಿ ತಾಗಿ, ಹೊರಹೋಗಲಾರದೆ ಒಳಕ್ಕೇ ಮರಳುತ್ತದೆ. ಇದು ಸಂಪೂರ್ಣ ಆಂತರಿಕ ಪ್ರತಿಫಲನ. ಫೈಬರಿನಲ್ಲಿ ನಡೆಯುವುದೂ ಇದೇ.

ನಿಮ್ಮ ಶಾಲೆಯಲ್ಲಿ ಕಂಪ್ಯೂಟರ್ ಇದ್ದರೆ ಹೊರಗಿನಿಂದ ಎಷ್ಟು ತಂತಿಗಳು ಬರುತ್ತವೆ ಎಂದು ದೂರದಿಂದಲೇ ಎಣಿಸಿ, ಮುಟ್ಟಬೇಡಿ. ಗುಡುಗು ಬರುವ ಮೊದಲೇ ಅವುಗಳನ್ನು ಕಳಚುವಂತೆ ನಿಮ್ಮ ಶಿಕ್ಷಕರಿಗೆ ನೆನಪಿಸಿ. ಅವರೂ ನನ್ನಂತೆ ಮರೆತಿರಬಹುದು.