ದಾಳಿಂಬದಲ್ಲಿ ಒಮ್ಮೆ ಇಳಿಯಿರಿ

ದಕ್ಷಿಣ ಅಮೆರಿಕದ ಬೊಲಿವಿಯಾ ದೇಶಕ್ಕೆ ಪ್ರವಾಸ ಹೊರಡುವವರು ಬಹಳ ಮೊದಲೇ ತಯಾರಿ ಆರಂಭಿಸಬೇಕಾಗುತ್ತದೆ. ಅಲ್ಲಿನ ಲಾ ಪಾಸ್ ನಗರ ಸಮುದ್ರಮಟ್ಟದಿಂದ ಸುಮಾರು 3,600 ಮೀಟರ್ ಎತ್ತರದಲ್ಲಿದೆ; ಸಾಂತಾ ಕ್ರೂಸ್ ನಗರ ಸುಮಾರು 400 ಮೀಟರ್ ಎತ್ತರದಲ್ಲಷ್ಟೇ ಇದೆ. ಒಂದೆಡೆ ಚಳಿ, ಇನ್ನೊಂದೆಡೆ ಸೆಕೆ. 2009ರ ಸಂವಿಧಾನ ಅಲ್ಲಿ 37 ಭಾಷೆಗಳಿಗೆ ಅಧಿಕೃತ ಸ್ಥಾನ ನೀಡಿದೆ. ಹಾಗಾಗಿ ಅಲ್ಲಿಗೆ ಹೋಗುವವರು ನಾಲ್ಕು ಪ್ರಶ್ನೆ ಕೇಳಿಕೊಳ್ಳುತ್ತಾರೆ: ಯಾವ ಕಾಲದಲ್ಲಿ ಹೋಗಬೇಕು? ಎಲ್ಲಿ ತಂಗಬೇಕು? ಜನರೊಡನೆ ಹೇಗೆ ಮಾತಾಡಬೇಕು? ಏನನ್ನು ಬಿಡಬೇಕು?

ಅಷ್ಟು ದೂರದ ದೇಶಕ್ಕೆ ಇಷ್ಟು ಯೋಚಿಸುವ ನಾವು ಹತ್ತಿರದ ನಾಡಿಗೆ ಹೊರಟಾಗ ಏನೂ ಯೋಚಿಸುವುದಿಲ್ಲ. ವ್ಯಾನ್ ಹತ್ತುತ್ತೇವೆ, ಎಷ್ಟು ಊರು ಮುಗಿಸಿದೆವು ಎಂದು ಎಣಿಸುತ್ತೇವೆ. ನಾನೂ ಹಾಗೆಯೇ ಮಾಡಿದವನು.

ಕೆಲವು ವರ್ಷಗಳ ಹಿಂದೆ ಅಕ್ಕಪಕ್ಕದ ಮನೆಯವರೆಲ್ಲ ಸೇರಿ ಸೊಲ್ಲಾಪುರದಿಂದ ಬೀದರಿಗೆ ಹೊರಟಿದ್ದೆವು. ನಮ್ಮೊಂದಿಗೆ ಪಕ್ಕದ ಮನೆಯ ಅಜ್ಜಿಯೊಬ್ಬರಿದ್ದರು. ಅವರ ತವರು ಮಹಾರಾಷ್ಟ್ರದ ಉಮರ್ಗಾ ತಾಲ್ಲೂಕಿನ ಒಂದು ಹಳ್ಳಿ. ಹೆದ್ದಾರಿಯಲ್ಲಿ ದಾಳಿಂಬ ಎಂಬ ಊರು ಬರುತ್ತಿದ್ದಂತೆ ಅಜ್ಜಿ, "ತಮ್ಮಾ, ಇಲ್ಲಿ ಐದು ಮಿನಿಟ್ ಗಾಡಿ ನಿಂದರಸಪಾ. ಒಂದು ಕಪ್ ಚಾ ಕುಡದು ಹೋಗೂಣು" ಎಂದರು. ಸಂಜೆಯೊಳಗೆ ಬೀದರ್ ಕೋಟೆ ನೋಡಬೇಕಿತ್ತು. "ಬರುವಾಗ ನಿಲ್ಲಿಸೋಣ ಅಜ್ಜಿ" ಎಂದೆ. ಮರಳುವಾಗ ನಾವು ಬೇರೆ ದಾರಿಯಲ್ಲಿ ಬಂದೆವು. ಮರುವರ್ಷ ಅಜ್ಜಿ ತೀರಿಕೊಂಡರು. ಆ ದಿನ ಬೀದರಿನಲ್ಲಿ ನೋಡಿದ್ದು ಈಗ ಅರೆಬರೆ ನೆನಪು. ದಾಳಿಂಬದಲ್ಲಿ ಇಳಿಯದೇ ಹೋದದ್ದು ಮಾತ್ರ ಚೆನ್ನಾಗಿ ನೆನಪಿದೆ. ಆ ಮೇಲೆ ಆ ಸೀಮೆಯನ್ನು ನಿಧಾನವಾಗಿ ಸುತ್ತಿ ಬಂದೆ. ಹೋಗಬಯಸುವ ಕುಟುಂಬಗಳಿಗಾಗಿ ಇಲ್ಲಿ ನಾಲ್ಕು ದಿನಗಳ ಯೋಜನೆಯನ್ನು ಕೊಡುತ್ತಿದ್ದೇನೆ.

ಯಾವಾಗ ಹೋಗಬೇಕು?

ಏಪ್ರಿಲ್, ಮೇ ಬೇಡವೇ ಬೇಡ; ಬಿಸಿಲು 40 ಡಿಗ್ರಿ ದಾಟುತ್ತದೆ. ಕಪ್ಪು ಕಲ್ಲಿನ ಕೋಟೆಗಳು ಕಾದ ಹಂಚಿನಂತಾಗುತ್ತವೆ. ಮಳೆಗಾಲದ ಕೊನೆ ಒಂದು ಒಳ್ಳೆಯ ಕಾಲ. ಇನ್ನೊಂದು, ಡಿಸೆಂಬರ್-ಜನವರಿಯಲ್ಲಿ ಬರುವ ಎಳ್ಳ ಅಮಾವಾಸ್ಯೆ. ಮರಾಠಿಯಲ್ಲಿ ಇದನ್ನು ವೇಳ ಅಮಾವಾಸ್ಯಾ ಎನ್ನುತ್ತಾರೆ. ಅಂದು ಊರಿಗೆ ಊರೇ ಹೊಲಕ್ಕೆ ಹೋಗಿ, ಹತ್ತಾರು ಕಾಳು-ತರಕಾರಿಗಳ ಭಜ್ಜಿ, ರೊಟ್ಟಿ, ಅಂಬಲಿ ಹಂಚಿಕೊಂಡು ಉಣ್ಣುತ್ತದೆ. ಬೀದರ್, ಕಲಬುರಗಿ ಕಡೆಯೂ ಇದೇ ಹಬ್ಬ, ಇದೇ ಊಟ. ರಾಜ್ಯದ ಗಡಿ ಹಬ್ಬದೂಟಕ್ಕೆ ಅಡ್ಡ ಬಂದಿಲ್ಲ!

ಮೊದಲ ದಿನ: ನಳದುರ್ಗ ಮತ್ತು ದಾಳಿಂಬ

ಬೆಂಗಳೂರಿನಿಂದ ಸೊಲ್ಲಾಪುರಕ್ಕೆ ರೈಲಿನಲ್ಲಿ ಹೋಗಬಹುದು. ಅಲ್ಲಿಂದ ಹೈದರಾಬಾದ್ ಹೆದ್ದಾರಿಯಲ್ಲಿ ಸುಮಾರು 45 ಕಿ.ಮೀ. ಸಾಗಿದರೆ ನಳದುರ್ಗ. ಈ ಕೋಟೆಯ ವಿಶೇಷ ನೀರು. ಬೋರಿ ನದಿಗೆ ಕೋಟೆಯೊಳಗೇ ಅಡ್ಡಲಾಗಿ ಕಲ್ಲಿನ ಕಟ್ಟೆ ಕಟ್ಟಿ, ಆ ಕಟ್ಟೆಯ ಹೊಟ್ಟೆಯಲ್ಲೇ 'ಪಾನಿ ಮಹಲ್' ಎಂಬ ಕೋಣೆಗಳನ್ನು ಮಾಡಿದ್ದಾರೆ. ಇದು ವಿಜಯಪುರದ ಎರಡನೇ ಇಬ್ರಾಹಿಂ ಆದಿಲ್ ಶಾಹನ ಕಾಲದ್ದು. ಹೊಳೆ ತುಂಬಿದಾಗ ನೀರು 'ನರ' ಮತ್ತು 'ಮಾದಿ' ಎಂಬ ಎರಡು ಧಾರೆಗಳಾಗಿ ಧುಮ್ಮಿಕ್ಕುತ್ತದೆ. ಮಳೆಗಾಲದ ಕೊನೆಗೆ ಹೋಗಿ ಎಂದದ್ದು ಇದಕ್ಕಾಗಿಯೇ. ಕಟ್ಟೆಯ ಮೇಲೆ ಮಕ್ಕಳ ಕೈ ಬಿಡಬೇಡಿ. 1853ರಲ್ಲಿ ಈ ಸೀಮೆ ಬ್ರಿಟಿಷರ ಕೈಸೇರಿದಾಗ ಆಡಳಿತಕ್ಕೆ ಬಂದು ಇಲ್ಲಿ ನೆಲೆಸಿದ ಅಧಿಕಾರಿ ಮೆಡೋಸ್ ಟೇಲರ್. ಸುರಪುರದ ಇತಿಹಾಸ ಬಲ್ಲವರಿಗೆ ಈ ಹೆಸರು ಹೊಸದಲ್ಲ.

ನಳದುರ್ಗ ದಾಟಿ ಉಮರ್ಗಾ ಕಡೆಗೆ ಹೋಗುವಾಗ ದಾಳಿಂಬ ಸಿಗುತ್ತದೆ. ಅಲ್ಲಿ ನೋಡಲು ಏನಿದೆ ಎಂದು ಕೇಳಬೇಡಿ. ಇಳಿಯಿರಿ, ಚಹಾ ಕುಡಿಯಿರಿ. ಪಕ್ಕದಲ್ಲಿ ಕುಳಿತವರನ್ನು ಮಾತಿಗೆ ಎಳೆಯಿರಿ. ಬೋರ್ಡುಗಳೆಲ್ಲ ಮರಾಠಿಯಲ್ಲಿವೆ, ಆದರೆ ನಿಮ್ಮ ಕನ್ನಡ ಕಿವಿಗೆ ಬಿದ್ದರೆ ಯಾರಾದರೂ ಹಿರಿಯರು "ಎಲ್ಲಿಂದ ಬಂದ್ರಿ? ಕೂಡ್ರಿ" ಎನ್ನದೆ ಇರಲಾರರು. ಈ ತಾಲ್ಲೂಕಿನ ಎಷ್ಟೋ ಮನೆಗಳಲ್ಲಿ ಅಜ್ಜ-ಅಜ್ಜಿಯರ ಮಾತು ಕನ್ನಡ, ಮೊಮ್ಮಕ್ಕಳ ಶಾಲೆಯ ಮಾತು ಮರಾಠಿ. ಅಜ್ಜಿ ಕನ್ನಡದಲ್ಲಿ ಕರೆದರೆ ಮಗು ಮರಾಠಿಯಲ್ಲಿ ಓಗೊಡುತ್ತದೆ. ಸಂತೆಯಲ್ಲಿ ದಖನಿ ಉರ್ದು, ತಾಂಡಾಗಳಲ್ಲಿ ಲಂಬಾಣಿ. ರಾತ್ರಿ ತಂಗಲು ಉಮರ್ಗಾ ಅನುಕೂಲ. ಅಲ್ಲಿನ ಹಳೆಯ ಮಹಾದೇವ ದೇಗುಲದ ಕೆತ್ತನೆಯನ್ನು ಬೆಳಗಿನ ಬಿಸಿಲಿನಲ್ಲಿ ನೋಡಿ.

ಎರಡನೇ ದಿನ: ಕಿಲ್ಲಾರಿ ಮತ್ತು ನಿಲಂಗಾ

ಎರಡನೇ ದಿನವನ್ನು ಪಿಕ್‌ನಿಕ್ ಎಂದು ತಿಳಿಯಬಾರದು. 1993ರ ಸೆಪ್ಟೆಂಬರ್ 30ರ ನಸುಕಿನ 3.56ಕ್ಕೆ ಕಿಲ್ಲಾರಿ ಸುತ್ತಮುತ್ತ ಭೂಮಿ ನಡುಗಿತು. ಹಿಂದಿನ ರಾತ್ರಿ ಗಣೇಶ ವಿಸರ್ಜನೆ ಮುಗಿಸಿ ಜನ ದಣಿದು ಮಲಗಿದ್ದರು. ಕಂಪನದ ತೀವ್ರತೆ 6.2. ಹತ್ತು ಸಾವಿರದಷ್ಟು ಜನ ಪ್ರಾಣ ಕಳೆದುಕೊಂಡರು. ಅಷ್ಟು ಜೀವಹಾನಿಗೆ ಮುಖ್ಯ ಕಾರಣ ಮನೆಗಳು: ದಪ್ಪ ಕಲ್ಲುಗಳನ್ನು ಬರೀ ಮಣ್ಣಿನಿಂದ ಜೋಡಿಸಿದ ಗೋಡೆ, ತಲೆಯ ಮೇಲೆ ಭಾರವಾದ ಮಣ್ಣಿನ ಮಾಳಿಗೆ. ಬಿಸಿಲಿಗೆ ತಂಪೆಂದು ಕಟ್ಟಿಕೊಂಡದ್ದೇ ಮೈಮೇಲೆ ಬಿತ್ತು. ಹಾಳಾದ ಊರುಗಳನ್ನು ಬೇರೆ ಜಾಗಗಳಲ್ಲಿ ಹೊಸದಾಗಿ ಕಟ್ಟಲಾಯಿತು. ಅಗಲ ರಸ್ತೆ, ಸಾಲು ಮನೆಗಳ ಈ ಊರುಗಳನ್ನು ನೋಡಿದರೆ ಮೊದಲಿಗೆ ಏನೂ ತೋಚುವುದಿಲ್ಲ. ಆದರೆ ಐವತ್ತು ದಾಟಿದ ಯಾರನ್ನೇ ನೋಡಿದರೂ ಆ ರಾತ್ರಿಯನ್ನು ಕಂಡವರಿರಬಹುದೆಂದು ನೆನಪಿಡಿ. ಅವರಾಗಿ ಹೇಳಿದರೆ ಕೇಳಿ, ಕೆದಕಬೇಡಿ. ಫೋಟೋ ಬೇಡ. ಮಕ್ಕಳೊಂದಿಗೆ ಒಂದು ಕ್ಷಣ ಮೌನವಾಗಿ ನಿಂತರೆ ಸಾಕು.

ಅಲ್ಲಿಂದ ನಿಲಂಗಾ. ಹನ್ನೆರಡನೇ ಶತಮಾನದ, ನಕ್ಷತ್ರಾಕಾರದ ನೀಲಕಂಠೇಶ್ವರ ದೇಗುಲ ಇಲ್ಲಿದೆ. ಗಮನಿಸಿ: ಬೋರಿ ನದಿಯ ನೀರು ಭೀಮಾ ಸೇರಿ ಕೃಷ್ಣೆಗೆ ಹೋಗುತ್ತದೆ, ಕಿಲ್ಲಾರಿ ಕಡೆಯ ತೇರಣಾ ನದಿಯ ನೀರು ಮಾಂಜರಾ ಸೇರಿ ಗೋದಾವರಿಗೆ ಹೋಗುತ್ತದೆ. ಒಂದೇ ದಿನದಲ್ಲಿ ಎರಡು ಮಹಾನದಿಗಳ ಸೀಮೆ ದಾಟಿದ್ದೀರಿ!

ಮೂರನೇ ದಿನ: ಉದಗೀರ್

ನಿಲಂಗಾ, ಉದಗೀರ್ ತಾಲ್ಲೂಕುಗಳು 1956ರವರೆಗೆ ಬೀದರ್ ಜಿಲ್ಲೆಯಲ್ಲಿದ್ದವು. ಆ ವರ್ಷ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಪಾಲಾದಾಗ ಇವು ಆಗಿನ ಮುಂಬಯಿ ರಾಜ್ಯಕ್ಕೆ ಸೇರಿದವು. ಈಗ ಲಾತೂರ್ ಜಿಲ್ಲೆಯಲ್ಲಿವೆ. ದೇವಣಿ ಎಂಬ ಹೆಸರಾಂತ ದನದ ತಳಿ ಈ ಕಡೆಯದೇ. ಪೂರ್ತಿ ಬಿಳಿ, ಬಿಳಿ ಮೈಗೆ ಕಪ್ಪು ಮುಖ, ಬಿಳಿಯ ಮೇಲೆ ಕಪ್ಪು ಮಚ್ಚೆ – ಮೂರು ಬಗೆಯ ಬಣ್ಣವನ್ನು ಗುರುತಿಸುವ ಆಟವನ್ನು ಮಕ್ಕಳಿಗೆ ಕೊಡಿ, ದಾರಿ ಸಾಗಿದ್ದೇ ತಿಳಿಯುವುದಿಲ್ಲ.

ಉದಗೀರ್ ಕೋಟೆಯೊಳಗೆ ಉದಗೀರ್ ಬಾಬಾರ ಸಮಾಧಿಯಿದೆ. ಊರಿಗೂ ಅದೇ ಹೆಸರು. 1760ರಲ್ಲಿ ಮರಾಠರ ಸದಾಶಿವರಾವ್ ಭಾವೂ ನಿಜಾಮನ ಸೈನ್ಯವನ್ನು ಸೋಲಿಸಿದ್ದು ಉದಗೀರ್ ಯುದ್ಧದಲ್ಲಿ. ಮರುವರ್ಷವೇ ಪಾಣಿಪತ್ತಿನಲ್ಲಿ ಅವರು ಸೈನ್ಯದೊಂದಿಗೆ ತಾವೂ ಅಳಿದರು. ಕೋಟೆ ನೋಡಿದ ಮಕ್ಕಳಿಗೆ ಈ ಎರಡನೇ ಮಾತನ್ನೂ ಹೇಳಿ.

ನಾಲ್ಕನೇ ದಿನ ಉದಗೀರಿನಿಂದ ಭಾಲ್ಕಿ ಮೇಲೆ ಬೀದರಿಗೆ ರೈಲಿನಲ್ಲಿ ಹೋಗಬಹುದು. ಬಸವಕಲ್ಯಾಣ ಸೇರಿಸಬೇಕೆಂದರೆ ಇನ್ನೊಂದು ದಿನ ಇಟ್ಟುಕೊಳ್ಳಿ. ಇದ್ದ ದಿನಗಳಲ್ಲೇ ತುರುಕಬೇಡಿ.

ಇವನ್ನು ಮರೆಯಬೇಡಿ

ಬಸ್ಸಿನ ಬೋರ್ಡು ಓದಲು ದೇವನಾಗರಿ ಅಂಕಿಗಳನ್ನು ಕಲಿತು ಹೋಗಿ. ಹಿರಿಯರನ್ನು ಕಾಕಾ, ಮಾವಶಿ ಎಂದು ಕರೆಯಿರಿ. ಗಡಿಯ ವಿವಾದವನ್ನು ನೀವಾಗಿ ಎತ್ತಬೇಡಿ. ಊಟಕ್ಕೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕೇಳಿ. ಆ ಶೇಂಗಾದ ಮೂಲ ಎಲ್ಲಿ ಗೊತ್ತೇ? ಬೊಲಿವಿಯಾ ಇರುವ ಆ ದಕ್ಷಿಣ ಅಮೆರಿಕವೇ! ಅಷ್ಟು ದೂರದಿಂದ ಬಂದದ್ದು ಇಂದು ನಮ್ಮದೇ ಎನ್ನುವಷ್ಟು ನಮ್ಮದಾಗಿದೆ.

ಕೊನೆಯದಾಗಿ, ಪ್ರತಿ ದಿನವೂ ಎರಡು ಗಂಟೆ ಖಾಲಿ ಬಿಡಿ. ನಿಮ್ಮೊಡನೆ ಹಿರಿಯರಿದ್ದರೆ ಪಟ್ಟಿ ಮಾಡುವ ಮುನ್ನ "ನಿಮಗೆ ಎಲ್ಲಿ ಇಳಿಯಬೇಕು?" ಎಂದು ಅವರನ್ನು ಕೇಳಿ. ಅವರು ಹೇಳುವ ಊರು ಯಾವ ಪ್ರವಾಸಿ ನಕ್ಷೆಯಲ್ಲೂ ಇಲ್ಲದಿರಬಹುದು. ಅದನ್ನೇ ಮೊದಲು ಬರೆದುಕೊಳ್ಳಿ. "ಬರುವಾಗ ನಿಲ್ಲಿಸೋಣ" ಎಂದು ಮಾತ್ರ ಹೇಳಬೇಡಿ.